ಡೆಟ್ರಾಯಿಟ್‌ನ ರೆಕ್ಕೆ, ಕುರ್ಲಾದ ಕಾರು, ಡೊಂಬಿವಲಿಯ ಬೀಗ

ಮುಂಬೈಯ ಹಳೇ ಕಾಳಿ-ಪೀಲಿ ಟ್ಯಾಕ್ಸಿ ನಿಮಗೆ ನೆನಪಿರಬಹುದು. ಕಪ್ಪು ಮೈ, ಹಳದಿ ಮಾಡು, ಹೆಸರು ಪ್ರೀಮಿಯರ್ ಪದ್ಮಿನಿ. ಅದರಲ್ಲಿ ಕೂತಿಲ್ಲದವರೂ ಹಿಂದಿ ಸಿನಿಮಾದಲ್ಲಿ ನೋಡಿರುತ್ತೀರಿ. ಅದರ ಹಿಂಭಾಗದ ಚಿತ್ರ ಎಲ್ಲಾದರೂ ಸಿಕ್ಕರೆ ಸ್ವಲ್ಪ ಗಮನ ಕೊಟ್ಟು ನೋಡಿ. ಡಿಕ್ಕಿಯ ಎರಡೂ ಬದಿಯಲ್ಲಿ, ಕೆಂಪು ದೀಪದ ಮೇಲೆ, ತಗಡು ಸಣ್ಣಗೆ ಮೇಲಕ್ಕೆದ್ದು ಚೂಪಾಗಿ ನಿಂತಿದೆ. ಮೀನಿನ ರೆಕ್ಕೆಯ ಹಾಗೆ. ಅದರಿಂದ ಗಾಡಿಯ ಓಟ ಹೆಚ್ಚಲಿಲ್ಲ, ಪೆಟ್ರೋಲ್ ಉಳಿಯಲಿಲ್ಲ, ಸಾಮಾನು ಇಡಲು ಜಾಗವೂ ಸಿಗಲಿಲ್ಲ. ಮತ್ತೆ ಅದು ಅಲ್ಲಿ ಯಾಕಿತ್ತು?

ಈ ಚಿಕ್ಕ ಪ್ರಶ್ನೆಯ ಬೆನ್ನು ಹತ್ತಿದರೆ ಅಮೆರಿಕದ ಡೆಟ್ರಾಯಿಟ್ ನಗರಕ್ಕೆ ಹೋಗುತ್ತೇವೆ, ಒಂದು ಯುದ್ಧವಿಮಾನದ ಹತ್ತಿರ ನಿಲ್ಲುತ್ತೇವೆ, ನಮ್ಮ ಮೈಸೂರಿನ ಇಬ್ಬರು ದಿವಾನರನ್ನು ಭೇಟಿಯಾಗುತ್ತೇವೆ, ಕಡೆಗೆ ಡೊಂಬಿವಲಿಯ ಕಲ್ಯಾಣ್-ಶೀಳ್ ರಸ್ತೆಗೆ ಬಂದು ತಲುಪುತ್ತೇವೆ. ಪಾಠ ಹೇಳುವುದು ನನ್ನ ಕೆಲಸ. ಇತಿಹಾಸ ಅಂದ್ರೆ ಏನು ಅಂತ ಕೇಳಿದರೆ ಮಕ್ಕಳು ರಾಜ, ಯುದ್ಧ, ಇಸವಿ ಅಂತಾರೆ. ಗ್ಯಾರೇಜಿಗೂ ಇತಿಹಾಸ ಇದೆ, ಅದರಲ್ಲಿ ನಮ್ಮ ಮನೆಯವರ ಬೆವರೂ ಇದೆ ಅಂತ ಯಾರೂ ಹೇಳುವುದಿಲ್ಲ. ಅದಕ್ಕೇ ಈ ಬರಹ.

ಇಬ್ಬರು ದಿವಾನರು, ಒಬ್ಬ ಉದ್ಯಮಿ

ಭಾರತದಲ್ಲಿ ಕಾರು ಜೋಡಿಸುವ ಕೆಲಸ ಶುರುವಾದದ್ದು ಮುಂಬೈ ಕಡೆಯಿಂದಲೇ. ಅಮೆರಿಕದ ಫೋರ್ಡ್ 1926ರಲ್ಲಿ ಇಲ್ಲಿ ಕಂಪನಿ ಮಾಡಿತು. ಜನರಲ್ ಮೋಟಾರ್ಸ್ 1928ರಲ್ಲಿ ಶಿವಡಿಯಲ್ಲಿ ಕಾರ್ಖಾನೆ ತೆರೆಯಿತು. ಕಾರ್ಖಾನೆ ಅಂದೆನಲ್ಲ, ತಪ್ಪು ತಿಳಿಯಬೇಡಿ. ಬಿಡಿಭಾಗಗಳು ಪೆಟ್ಟಿಗೆಯಲ್ಲಿ ಹಡಗಿನಿಂದ ಇಳಿಯುತ್ತಿದ್ದವು. ಇಲ್ಲಿಯ ಕೈಗಳು ನಟ್ಟು-ಬೋಲ್ಟು ಬಿಗಿದು ಕಾರು ಮಾಡುತ್ತಿದ್ದವು. ಲಾಭವೂ ವಿದ್ಯೆಯೂ ಸಮುದ್ರದ ಆಚೆಗೇ ಉಳಿಯುತ್ತಿತ್ತು.

ಇದನ್ನು ಬದಲಾಯಿಸಬೇಕು ಅಂತ ಹಟ ಹಿಡಿದವರು ಸರ್ ಎಂ. ವಿಶ್ವೇಶ್ವರಯ್ಯ. ಅವರು ಮೈಸೂರಿನ ದಿವಾನಗಿರಿ ಬಿಟ್ಟದ್ದು 1918ರಲ್ಲಿ. ಆದರೆ ಕೆಲಸ ಬಿಡಲಿಲ್ಲ. 1935ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಯುರೋಪ್ ಮತ್ತು ಅಮೆರಿಕದ ಮೋಟಾರು ಕಾರ್ಖಾನೆಗಳನ್ನು ಸುತ್ತಿ ನೋಡಿ ಬಂದರು. ಭಾರತದಲ್ಲೇ ಕಾರು ತಯಾರಿಸುವ ಯೋಜನೆಯನ್ನು ಲೆಕ್ಕಾಚಾರದ ಸಮೇತ ಬರೆದು ಮುಂದಿಟ್ಟರು. ಅವರ ಜೊತೆ ಕೈಜೋಡಿಸಿದವರು ವಾಲಚಂದ್ ಹಿರಾಚಂದ್. ಸೊಲ್ಲಾಪುರದಲ್ಲಿ ಹುಟ್ಟಿದ ಈ ಉದ್ಯಮಿ ಭೋರ್ ಘಾಟಿನ ರೈಲು ಸುರಂಗ ಕಟ್ಟಿಸಿದವರು, ಬ್ರಿಟಿಷರ ಹಡಗು ಕಂಪನಿಗಳ ಎದುರು ಸಿಂಧಿಯಾ ಹಡಗು ಕಂಪನಿ ನಿಲ್ಲಿಸಿದವರು.

ಮುಂಬೈ ಪ್ರಾಂತ್ಯದಲ್ಲಿ ಬಿ.ಜಿ. ಖೇರ್ ಅವರ ಕಾಂಗ್ರೆಸ್ ಮಂತ್ರಿಮಂಡಲ ಇದ್ದಾಗ ಯೋಜನೆಗೆ ಒಲವು ತೋರಿಸಿತು. 1939ರಲ್ಲಿ ಯುದ್ಧ ಶುರುವಾಗಿ ಮಂತ್ರಿಮಂಡಲ ರಾಜೀನಾಮೆ ಕೊಟ್ಟಿತು. ಆಗ ಎಲ್ಲರ ಕಣ್ಣು ಹೊರಳಿದ್ದು ಮೈಸೂರಿನ ಕಡೆಗೆ. ಅಲ್ಲಿ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್.

ಮಿರ್ಜಾ ಸಾಹೇಬರ ಹೆಸರು ಕೇಳಿದರೆ ನಮಗೆ ಬೃಂದಾವನ ತೋಟ, ಬೆಂಗಳೂರಿನ ಅಂದದ ರಸ್ತೆ, ಕಟ್ಟಡ ನೆನಪಾಗುತ್ತವೆ. 1926ರಿಂದ 1941ರವರೆಗೆ ಹದಿನೈದು ವರ್ಷ ದಿವಾನರಾಗಿದ್ದ ಅವರು ಕಾರ್ಖಾನೆಗಳ ಬಗ್ಗೆಯೂ ಅಷ್ಟೇ ಆಸೆ ಇಟ್ಟುಕೊಂಡಿದ್ದರು. ಕಾರಿನ ಕಾರ್ಖಾನೆ ಮೈಸೂರು ಸಂಸ್ಥಾನಕ್ಕೆ ಬರಲಿ ಅಂತ ಮುಂದೆ ಬಂದರು. ವಾಲಚಂದ್ ಅಮೆರಿಕಕ್ಕೆ ಹೋಗಿ ಮಾತುಕತೆ ನಡೆಸಿದ್ದರು, 1940ರಲ್ಲಿ ಕ್ರೈಸ್ಲರ್ ಕಂಪನಿಯ ಜೊತೆ ಒಪ್ಪಂದವೂ ಆಯಿತು. ಆದರೆ ಬ್ರಿಟಿಷ್ ಸರ್ಕಾರ ಅಡ್ಡ ಬಂತು. ಯುದ್ಧದ ಸಮಯದಲ್ಲಿ ಇದಕ್ಕೆ ಡಾಲರ್ ಕೊಡಲಾಗದು, ಯಂತ್ರ ತರಿಸಲಾಗದು, ಇದು ಯುದ್ಧಕ್ಕೆ ಉಪಯೋಗವಿಲ್ಲ ಅನ್ನುವ ಕಾರಣ ಹೇಳಿತು. ಮೈಸೂರಿನ ಕಾರು ಕಾಗದದಲ್ಲೇ ಉಳಿಯಿತು.

ಅದೇ ಅಮೆರಿಕ ಪ್ರಯಾಣದಿಂದ ಹಿಂದಿರುಗುವಾಗ ವಾಲಚಂದ್‌ಗೆ ವಿಲಿಯಂ ಪಾಲಿ ಎಂಬ ವಿಮಾನ ಉದ್ಯಮಿಯ ಪರಿಚಯವಾಗಿತ್ತು. ಆ ಪರಿಚಯ, ಮಿರ್ಜಾ ಸಾಹೇಬರ ಬೆಂಬಲ, ಮೈಸೂರು ಸರ್ಕಾರದ ಹಣ ಮತ್ತು ಜಾಗ ಎಲ್ಲ ಸೇರಿ 1940ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಹುಟ್ಟಿತು. ಇವತ್ತು ನಾವು ಎಚ್‌ಎಎಲ್ ಅನ್ನುವುದು ಅದನ್ನೇ. ಯುದ್ಧಕ್ಕೆ ವಿಮಾನ ಬೇಕಿತ್ತು, ಹಾಗಾಗಿ ಸರ್ಕಾರ ಅದಕ್ಕೆ ಒಪ್ಪಿತು. ಕಾರು ಕೇಳಿದ ಬೆಂಗಳೂರಿಗೆ ವಿಮಾನ ಸಿಕ್ಕಿತು. ಕಾರಿನ ಕಂಪನಿ ಪ್ರೀಮಿಯರ್ ಆಟೋಮೊಬೈಲ್ಸ್ ಅನ್ನುವ ಹೆಸರಿನಲ್ಲಿ 1944ರಲ್ಲಿ ಮುಂಬೈಯಲ್ಲಿ ನೋಂದಣಿಯಾಗಿ ಕುರ್ಲಾದಲ್ಲಿ ನೆಲೆ ನಿಂತಿತು. 1947ರಲ್ಲಿ, ದೇಶ ಸ್ವತಂತ್ರವಾದ ವರ್ಷವೇ, ಅಲ್ಲಿಂದ ಡಾಡ್ಜ್, ಪ್ಲಿಮತ್, ಡಿಸೋಟೋ ಕಾರುಗಳು ಹೊರಬಂದವು. ಮೂರೂ ಕ್ರೈಸ್ಲರ್ ಮನೆಯ ಮಕ್ಕಳು.

ಯುದ್ಧ ಮುಗಿದ ಅಮೆರಿಕ

ಈಗ ಸ್ವಲ್ಪ ಹೊತ್ತು ಅಮೆರಿಕಕ್ಕೆ ಹೋಗೋಣ. 1942ರ ಫೆಬ್ರವರಿಯಲ್ಲಿ ಅಲ್ಲಿ ಜನಸಾಮಾನ್ಯರ ಕಾರಿನ ತಯಾರಿಕೆಯನ್ನೇ ನಿಲ್ಲಿಸಿದ್ದರು. ಕಾರಿನ ಕಾರ್ಖಾನೆಗಳು ಟ್ಯಾಂಕು, ಜೀಪು, ಬಾಂಬರ್ ವಿಮಾನ ಮಾಡತೊಡಗಿದವು. 1945ರಲ್ಲಿ ಯುದ್ಧ ಮುಗಿದಾಗ ಜನರ ಕೈಯಲ್ಲಿ ಉಳಿತಾಯದ ಹಣ ಇತ್ತು, ಹಳೆಯ ಕಾರು ಸವೆದು ಹೋಗಿತ್ತು. ಏನು ಮಾಡಿದರೂ ಮಾರಾಟವಾಗುವ ಕಾಲ. ಹಾಗಾಗಿ ಕಂಪನಿಗಳು 1942ರ ಮಾದರಿಗೇ ಮುಂದಿನ ಜಾಲರಿ ಬದಲಾಯಿಸಿ, ಒಂದಿಷ್ಟು ಹೊಳೆಯುವ ಕ್ರೋಮ್ ಪಟ್ಟಿ ಹಚ್ಚಿ 1946ರ ಹೊಸ ಕಾರು ಅಂತ ಮಾರಿದವು. ಕುರ್ಲಾಗೆ ಮೊದಲು ಬಂದದ್ದೂ ಇದೇ ಪೀಳಿಗೆಯ ಕಾರುಗಳು.

ನಿಜವಾದ ಹೊಸ ರೂಪ ಬಂದದ್ದು 1947ರಿಂದ 1949ರ ನಡುವೆ. ಅದಕ್ಕೂ ಮೊದಲು ಕಾರಿನ ಮಡ್‌ಗಾರ್ಡ್ ಮೈಯಿಂದ ಬೇರೆಯಾಗಿ ಉಬ್ಬಿಕೊಂಡಿರುತ್ತಿತ್ತು, ಕುದುರೆಯ ತೊಡೆಯ ಹಾಗೆ. 1949ರ ಫೋರ್ಡ್‌ನಲ್ಲಿ ಅದು ಮೈಯೊಳಗೆ ಸೇರಿ ಕಾರಿನ ಪಕ್ಕ ಒಂದೇ ಸಮತಟ್ಟಾದ ಗೋಡೆಯಾಯಿತು. ಒಳಗೆ ಜಾಗ ಹೆಚ್ಚಿತು. ಸ್ಟುಡಿಬೇಕರ್ ಕಂಪನಿಯ 1947ರ ಕಾರಿಗೆ ಹಿಂದೆಯೂ ಮುಂದೆಯೂ ಒಂದೇ ರೀತಿ ಉದ್ದ ಮೂತಿ. ಇದು ಬರ್ತಾ ಇದೆಯೋ ಹೋಗ್ತಾ ಇದೆಯೋ ಅಂತ ಜನ ತಮಾಷೆ ಮಾಡುತ್ತಿದ್ದರು.

ಇನ್ನು ರೆಕ್ಕೆಯ ಕಥೆ. ಜನರಲ್ ಮೋಟಾರ್ಸ್‌ನ ವಿನ್ಯಾಸ ವಿಭಾಗದ ಮುಖ್ಯಸ್ಥ ಹಾರ್ಲಿ ಅರ್ಲ್. ಕಾರಿನ ಆಕಾರವನ್ನು ಮೊದಲು ಜೇಡಿಮಣ್ಣಿನಲ್ಲಿ ಪೂರ್ಣ ಗಾತ್ರದಲ್ಲಿ ಮಾಡಿ ನೋಡುವ ಪದ್ಧತಿಯನ್ನು ರೂಢಿಗೆ ತಂದವನು. ಯುದ್ಧದ ಕಾಲದಲ್ಲಿ ಅವನೂ ಅವನ ಸಂಗಡಿಗರೂ ಪಿ-38 ಲೈಟ್ನಿಂಗ್ ಎಂಬ ಅವಳಿ ಬಾಲದ ಯುದ್ಧವಿಮಾನವನ್ನು ನೋಡಿ ಮರುಳಾದರು. ಆ ಬಾಲದ ನೆನಪು 1948ರ ಕ್ಯಾಡಿಲಾಕ್ ಕಾರಿನ ಹಿಂಭಾಗದಲ್ಲಿ ಪುಟ್ಟ ರೆಕ್ಕೆಯಾಗಿ ಮೂಡಿತು. ಯುದ್ಧದಲ್ಲಿ ಗೆದ್ದ ದೇಶ, ಆಕಾಶದಲ್ಲಿ ಜೆಟ್ ಹಾರುವ ಕಾಲ. ಮನೆ ಮುಂದಿನ ಕಾರೂ ಹಾರುವಂತೆ ಕಾಣಲಿ ಅನ್ನುವುದು ಜನರ ಆಸೆ. ಆ ಆಸೆಯನ್ನು ತಗಡಿನಲ್ಲಿ ಬಡಿದು ಮಾರಿದರು.

ಕ್ರೈಸ್ಲರ್ ಮಾತ್ರ ಇದರಲ್ಲಿ ಹಿಂದೆ ಬಿತ್ತು. ಅದರ ಅಧ್ಯಕ್ಷ ಕೆ.ಟಿ. ಕೆಲ್ಲರ್‌ಗೆ ಒಂದೇ ಹಟ: ತಲೆಯ ಮೇಲಿನ ಟೋಪಿ ತೆಗೆಯದೆ ಕಾರಿನಲ್ಲಿ ಕೂರುವಂತಿರಬೇಕು. ಹಾಗಾಗಿ ಅವರ ಕಾರುಗಳ ಮಾಡು ಎತ್ತರ, ಸೀಟು ಕುರ್ಚಿಯಂತೆ ನೆಟ್ಟಗೆ. ಅಮೆರಿಕದ ಯುವಕರಿಗೆ ಇದು ಮುದುಕರ ಗಾಡಿ ಅನ್ನಿಸಿತು. ಆದರೆ ಯೋಚಿಸಿ, ಪೇಟ, ರೂಮಿ ಟೋಪಿ, ಗಾಂಧಿ ಟೋಪಿಗಳ ನಮ್ಮ ನಾಡಿಗೆ ಇದಕ್ಕಿಂತ ಹೊಂದುವ ಕಾರು ಯಾವುದಿತ್ತು?

ಅಮೆರಿಕದಲ್ಲಿ ಮಾರಾಟ ಇಳಿದಾಗ ಕ್ರೈಸ್ಲರ್ ವರ್ಜಿಲ್ ಎಕ್ಸ್‌ನರ್ ಎಂಬ ವಿನ್ಯಾಸಕಾರನ ಕೈಗೆ ಕೆಲಸ ಕೊಟ್ಟಿತು. 1955ರಲ್ಲಿ ಒಂದು ಬದಲಾವಣೆ, 1957ರಲ್ಲಿ ಇನ್ನೂ ದೊಡ್ಡದು. ಕಾರು ನೆಲಕ್ಕೆ ಬಗ್ಗಿತು, ಹಿಂದಿನ ರೆಕ್ಕೆ ಆಕಾಶಕ್ಕೆ ಎದ್ದಿತು. ಎಲ್ಲರೂ ಬೆರಗಾದರು. ಆದರೆ ಅವಸರದಲ್ಲಿ ಮಾಡಿದ ಆ ಕಾರುಗಳಿಗೆ ಬೇಗ ತುಕ್ಕು ಹಿಡಿಯಿತು, ನೀರು ಸೋರಿತು, ಕಂಪನಿಯ ಹೆಸರು ಕೆಟ್ಟಿತು. ಪೈಪೋಟಿ ಹೆಚ್ಚಾಗಿ 1959ರ ಕ್ಯಾಡಿಲಾಕ್ ಹೊತ್ತಿಗೆ ರೆಕ್ಕೆಯ ಹುಚ್ಚು ತುದಿ ಮುಟ್ಟಿತು. ಆ ಕಾರಿನ ಉದ್ದ ಸುಮಾರು 5.7 ಮೀಟರ್, ಎಂಜಿನ್ 6.4 ಲೀಟರಿನ ವಿ-8. ನಮ್ಮ ಪದ್ಮಿನಿಯ ಉದ್ದ 3.9 ಮೀಟರ್, ಎಂಜಿನ್ 1,089 ಸಿಸಿ. ಎಂಜಿನ್ ಲೆಕ್ಕದಲ್ಲಿ ಆ ಒಂದು ಕ್ಯಾಡಿಲಾಕ್‌ನಲ್ಲಿ ನಮ್ಮ ಐದಾರು ಟ್ಯಾಕ್ಸಿ ಅಡಗಿದ್ದವು!

ಇದರ ಹಿಂದೆ ಒಂದು ವ್ಯಾಪಾರದ ಬುದ್ಧಿ ಇತ್ತು. ಜನರಲ್ ಮೋಟಾರ್ಸ್‌ನ ಆಲ್‌ಫ್ರೆಡ್ ಸ್ಲೋನ್ ಯುದ್ಧಕ್ಕೂ ಮೊದಲೇ ಹಾಕಿಕೊಟ್ಟ ದಾರಿ ಅದು: ಪ್ರತಿ ವರ್ಷ ಕಾರಿನ ರೂಪ ಬದಲಾಯಿಸು. ಒಳಗಿನ ಯಂತ್ರ ಹೆಚ್ಚುಕಡಿಮೆ ಅದೇ ಇರಲಿ, ಆದರೆ ಹೋದ ವರ್ಷದ ಕಾರು ಹಳೆಯದಾಗಿ ಕಾಣಲಿ, ಮಾಲೀಕನಿಗೆ ನಾಚಿಕೆಯಾಗಲಿ, ಹೊಸದನ್ನು ಕೊಳ್ಳಲಿ. 1955ರ ಒಂದೇ ವರ್ಷದಲ್ಲಿ ಅಮೆರಿಕ ಸುಮಾರು 79 ಲಕ್ಷ ಕಾರು ತಯಾರಿಸಿತು. ಮೊಬೈಲ್ ಫೋನಿನ ಈ ಕಾಲದಲ್ಲಿ ಈ ಉಪಾಯ ನಿಮಗೆ ಗೊತ್ತಿಲ್ಲದ್ದೇನಲ್ಲ, ಅಲ್ವಾ?

ಕುರ್ಲಾದಲ್ಲಿ ಏನಾಯಿತು

ಕುರ್ಲಾದಲ್ಲಿ ಜೋಡಿಸಿದ ಡಾಡ್ಜ್ ಕಿಂಗ್ಸ್‌ವೇ, ಪ್ಲಿಮತ್ ಸವಾಯ್, ಡಿಸೋಟೋ ಡಿಪ್ಲೊಮ್ಯಾಟ್ ಕಾರುಗಳ ಗುಟ್ಟು ಒಂದಿದೆ. ಮೂರೂ ಮೂಲದಲ್ಲಿ ಒಂದೇ ಪ್ಲಿಮತ್. ಮುಂದಿನ ಜಾಲರಿ, ಬಿಲ್ಲೆ, ಹೆಸರು ಮಾತ್ರ ಬೇರೆ. ಬೇರೆ ಬೇರೆ ಡೀಲರುಗಳಿಗೆ ಬೇರೆ ಬೇರೆ ಹೆಸರಿನಲ್ಲಿ ಮಾರಲು ಕ್ರೈಸ್ಲರ್ ಮಾಡಿಕೊಂಡ ಏರ್ಪಾಡು. ಎಂಜಿನ್ ಆರು ಸಿಲಿಂಡರಿನದು, ಯುದ್ಧದ ನಂತರದ ಪ್ಲಿಮತ್‌ನಲ್ಲಿ ಸುಮಾರು 3.6 ಲೀಟರ್, 95 ಅಶ್ವಶಕ್ತಿ. ರಚನೆ ಸರಳ, ಬಿಚ್ಚಲು ಸುಲಭ, ಎಷ್ಟು ದುಡಿಸಿದರೂ ದುಡಿಯುತ್ತಿತ್ತು. ಇದೇ ಕಂಪನಿಯ ಡಾಡ್ಜ್ ಮತ್ತು ಫಾರ್ಗೋ ಲಾರಿಗಳು ಕರ್ನಾಟಕದ ರಸ್ತೆಗಳಲ್ಲೂ ಓಡಿದವು. ನಿಮ್ಮ ಊರಿನ ಹಿರಿಯ ಡ್ರೈವರುಗಳನ್ನು ಕೇಳಿ, ಫಾರ್ಗೋ ಅಂದ ಕೂಡಲೇ ಅವರ ಮುಖ ಅರಳುತ್ತದೆ.

ಅದೇ ವರ್ಷಗಳಲ್ಲಿ ಮುಂಬೈಗೆ ಇನ್ನೊಂದು ಅಮೆರಿಕನ್ ಗಾಡಿಯೂ ಬಂತು, ವಿಲ್ಲಿಸ್ ಜೀಪು. ಅದನ್ನು ತಂದ ಕಂಪನಿ 1945ರ ಅಕ್ಟೋಬರಿನಲ್ಲಿ ಶುರುವಾದಾಗ ಅದರ ಹೆಸರು ಮಹೀಂದ್ರ ಆ್ಯಂಡ್ ಮೊಹಮ್ಮದ್. ಜೆ.ಸಿ. ಮಹೀಂದ್ರ, ಕೆ.ಸಿ. ಮಹೀಂದ್ರ ಸಹೋದರರ ಜೊತೆ ಪಾಲುದಾರರಾಗಿದ್ದವರು ಮಲಿಕ್ ಗುಲಾಂ ಮೊಹಮ್ಮದ್. ದೇಶ ವಿಭಜನೆಯಾದಾಗ ಅವರು ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು, ಮುಂದೆ ಗವರ್ನರ್ ಜನರಲ್ ಕೂಡ ಆದರು. 1948ರಲ್ಲಿ ಕಂಪನಿಯ ಹೆಸರು ಮಹೀಂದ್ರ ಆ್ಯಂಡ್ ಮಹೀಂದ್ರ ಆಯಿತು. ಒಂದು ಫಲಕದಿಂದ ಒಂದು ಹೆಸರು ಹೋಯಿತು. ಆದರೆ ಜೀಪಿನ ಕೆಳಗೆ ಮಲಗಿ ಎಣ್ಣೆ ಬದಲಿಸುವ ಕೆಲಸಗಾರರು ಎಲ್ಲಿಗೂ ಹೋಗಲಿಲ್ಲ. ಫಲಕಕ್ಕೂ ಕೆಲಸಕ್ಕೂ ಇರುವ ಈ ಅಂತರವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ದೊಡ್ಡ ಕಾರು ಸೋತು ಚಿಕ್ಕ ಕಾರು ಉಳಿದದ್ದು

ಸ್ವತಂತ್ರ ಭಾರತಕ್ಕೆ ಡಾಲರ್ ಕಡಿಮೆ, ಪೆಟ್ರೋಲ್ ದುಬಾರಿ. 1953ರಲ್ಲಿ ಟ್ಯಾರಿಫ್ ಕಮಿಷನ್ ಒಂದು ಕಟ್ಟುನಿಟ್ಟಿನ ಮಾತು ಹೇಳಿತು: ಭಾಗಗಳನ್ನು ಇಲ್ಲೇ ತಯಾರಿಸುವ ಯೋಜನೆ ಇದ್ದವರು ಮಾತ್ರ ಇರಲಿ, ಬರೀ ಪೆಟ್ಟಿಗೆ ಬಿಚ್ಚಿ ಜೋಡಿಸುವವರು ಹೊರಡಲಿ. ಜನರಲ್ ಮೋಟಾರ್ಸ್, ಫೋರ್ಡ್ ಎರಡೂ ಬಾಗಿಲು ಮುಚ್ಚಿದವು. ಪ್ರೀಮಿಯರ್ ಉಳಿಯಿತು, ಆದರೆ ಅಷ್ಟು ದೊಡ್ಡ ಅಮೆರಿಕನ್ ಕಾರನ್ನು ಕೊಳ್ಳುವವರು ನಮ್ಮಲ್ಲಿ ಎಷ್ಟು ಜನ? ಕಂಪನಿ ಇಟಲಿಯ ಫಿಯಟ್ ಕಡೆ ತಿರುಗಿತು. 1954ರಿಂದ ಫಿಯಟ್ 1100 ಬಂತು. ಅದರ ಗುಂಡುಗುಂಡು ಮೈ ನೋಡಿ ಮರಾಠಿಯವರು ಪ್ರೀತಿಯಿಂದಲೇ ಡುಕ್ಕರ್ ಫಿಯಟ್ ಅಂದರು, ಅಂದರೆ ಹಂದಿ ಫಿಯಟ್. 1957-58ರ ಹೊತ್ತಿಗೆ ವಿದೇಶಿ ವಿನಿಮಯದ ಬಿಕ್ಕಟ್ಟು ಬಂದ ಮೇಲೆ ದೊಡ್ಡ ಅಮೆರಿಕನ್ ಕಾರುಗಳ ಕಾಲ ಇಲ್ಲಿ ಮುಗಿಯುತ್ತಾ ಬಂತು. ಆಮೇಲೆ ಅವು ಶ್ರೀಮಂತರ ಬಂಗಲೆಯಲ್ಲಿ, ಸಿನಿಮಾದಲ್ಲಿ ಉಳಿದವು. ಇಂಪಾಲಾ ಅಂದರೆ ಸಾಕು, ಸಾಹುಕಾರ ಅಂತ ಪ್ರೇಕ್ಷಕರಿಗೆ ಗೊತ್ತಾಗುತ್ತಿತ್ತು.

ಅಮೆರಿಕದ ಕಾರು ಹೋಯಿತು, ಅದರ ಗುರುತು ಹೋಗಲಿಲ್ಲ. 1950ರ ದಶಕದಲ್ಲಿ ಯುರೋಪಿನ ಕಾರು ವಿನ್ಯಾಸಕಾರರೂ ಡೆಟ್ರಾಯಿಟ್‌ನ ಗಾಳಿಗೆ ಸಿಕ್ಕಿದ್ದರು. ಫಿಯಟ್ ತನ್ನ 1100 ಕಾರಿನ ಬೆನ್ನಿಗೆ ಸಣ್ಣ ರೆಕ್ಕೆ ಕೂರಿಸಿತು. ಸ್ಟೀರಿಂಗ್ ಕೆಳಗೆ ಗೇರು ಹಾಕುವ ಹಿಡಿ, ಮುಂದಿನ ಸಾಲಿಗೆ ಉದ್ದ ಬೆಂಚಿನಂಥ ಸೀಟು, ಇವೂ ಅಮೆರಿಕನ್ ಅಭ್ಯಾಸಗಳೇ. 1964ರಲ್ಲಿ ಕುರ್ಲಾದಿಂದ ಫಿಯಟ್ 1100 ಡಿಲೈಟ್ ಬಂದಾಗ ಇವೆಲ್ಲ ಅದರಲ್ಲಿದ್ದವು. ಹೀಗೆ ಪಿ-38 ವಿಮಾನದ ಬಾಲ ಡೆಟ್ರಾಯಿಟ್‌ನಿಂದ ಟ್ಯೂರಿನ್‌ಗೆ, ಅಲ್ಲಿಂದ ಕುರ್ಲಾಗೆ ಬಂದು ನಮ್ಮ ಟ್ಯಾಕ್ಸಿಯ ಬೆನ್ನೇರಿತು. ಬರಹದ ಮೊದಲು ಕೇಳಿದ ಪ್ರಶ್ನೆಗೆ ಉತ್ತರ ಇದೇ.

ಅಮೆರಿಕದಲ್ಲಿ ಆ ರೆಕ್ಕೆ 1960ರ ದಶಕದ ಮಧ್ಯದ ಹೊತ್ತಿಗೆ ಮಾಯವಾಗಿತ್ತು. 1965ರಲ್ಲಿ ರಾಲ್ಫ್ ನೇಡರ್ ಎಂಬ ವಕೀಲ, ಕಾರಿನ ಅಂದಕ್ಕೆ ಖರ್ಚು ಮಾಡುವ ಕಂಪನಿಗಳು ಪ್ರಯಾಣಿಕರ ಜೀವದ ಬಗ್ಗೆ ಯೋಚಿಸುತ್ತಿಲ್ಲ ಅಂತ ಪುಸ್ತಕ ಬರೆದರು. ಮರುವರ್ಷವೇ ವಾಹನ ಸುರಕ್ಷತೆಯ ಕಾನೂನು ಬಂತು. 1973ರ ತೈಲ ಬಿಕ್ಕಟ್ಟು ದೊಡ್ಡ ಎಂಜಿನ್ನುಗಳ ಸೊಕ್ಕು ಮುರಿಯಿತು. ನಮ್ಮಲ್ಲಿ ಮಾತ್ರ, ಪೈಪೋಟಿ ಇಲ್ಲದ ಲೈಸೆನ್ಸ್ ಕಾಲದಲ್ಲಿ, ಅದೇ ಕಾರು ಅದೇ ರೆಕ್ಕೆಯೊಂದಿಗೆ ಹೆಚ್ಚುಕಡಿಮೆ 2000ದವರೆಗೂ ತಯಾರಾಯಿತು. ಫಿಯಟ್ ಒಪ್ಪಂದ ಮುಗಿದ ಮೇಲೆ 1970ರ ದಶಕದಲ್ಲಿ ಅದಕ್ಕೆ ಪದ್ಮಿನಿ ಅಂತ ಹೆಸರಿಟ್ಟರು. ಚಿತ್ತೋಡಿನ ರಾಣಿಯ ಹೆಸರು. ಆ ರಾಣಿಯ ಕಥೆ ನಾಡಿಗೆಲ್ಲ ಹಬ್ಬಿದ್ದು 1540ರಲ್ಲಿ ಮಲಿಕ್ ಮುಹಮ್ಮದ್ ಜಾಯಸಿ ಅವಧಿ ಭಾಷೆಯಲ್ಲಿ ಬರೆದ ಪದ್ಮಾವತ್ ಕಾವ್ಯದಿಂದ. ಅಮೆರಿಕದ ಅಲಂಕಾರ, ಇಟಲಿಯ ಯಂತ್ರ, ಸೂಫಿ ಕವಿಯ ನಾಯಕಿಯ ಹೆಸರು, ಓಡಿಸುವವರು ಉತ್ತರ ಪ್ರದೇಶದ ಭಯ್ಯಾ ಅಥವಾ ಕೊಂಕಣದ ಚಾಚಾ. ಮುಂಬೈ ಅಂದರೆ ಇದೇ ಅಲ್ಲವೇ?

ಕಾರಿನ ಊರು, ರೈಲಿನ ಊರು

ಯುದ್ಧಾನಂತರದ ಅಮೆರಿಕದಲ್ಲಿ ಕಾರು ಊರಿನ ಆಕಾರವನ್ನೇ ಬದಲಿಸಿತು. 1947ರಿಂದ ನ್ಯೂಯಾರ್ಕ್ ಹತ್ತಿರ ಲೆವಿಟ್‌ಟೌನ್‌ನಂಥ ಬಡಾವಣೆಗಳು ಎದ್ದವು. 1956ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ 41,000 ಮೈಲಿ ಹೆದ್ದಾರಿಯ ಕಾನೂನಿಗೆ ಸಹಿ ಹಾಕಿದರು. ಕಾರಿಲ್ಲದವರಿಗೆ ಆ ಬಡಾವಣೆಯಲ್ಲಿ ಬದುಕೇ ಇರಲಿಲ್ಲ. ಲೆವಿಟ್‌ಟೌನ್‌ನಲ್ಲಿ ಕಪ್ಪು ಜನರಿಗೆ ಮನೆಯನ್ನೇ ಕೊಡುತ್ತಿರಲಿಲ್ಲ ಅನ್ನುವುದನ್ನೂ ಮರೆಯಬಾರದು. ಹೊಳೆಯುವ ಕ್ರೋಮ್ ಹಿಂದೆ ಇಂಥ ಕತ್ತಲೂ ಇತ್ತು.

ನಮ್ಮ ಠಾಣೆ, ಕಲ್ಯಾಣ್, ಡೊಂಬಿವಲಿ ಬೆಳೆದದ್ದು ಬೇರೆ ರೀತಿ. 1853ರಲ್ಲಿ ಠಾಣೆಗೆ, ಮರುವರ್ಷ ಕಲ್ಯಾಣಿಗೆ ರೈಲು ಬಂತು. ಊರುಗಳು ಆ ಹಳಿಯ ಅಕ್ಕಪಕ್ಕ ಹರಡಿಕೊಂಡವು. ನವಿ ಮುಂಬೈ ಮಾತ್ರ ಬೇರೆ ಲೆಕ್ಕ. 1970ರಲ್ಲಿ ಸಿಡ್ಕೋ ಸ್ಥಾಪನೆಯಾಗಿ ನಕ್ಷೆ ಹಾಕಿ ಕಟ್ಟಿದ ನಗರ ಅದು, ಅಗಲ ರಸ್ತೆ, ಸೆಕ್ಟರುಗಳು. ವಾಶಿ ಖಾಡಿಯ ಸೇತುವೆ 1973ರಲ್ಲಿ ಆಯಿತು, ಆದರೆ ಮಾನ್‌ಖುರ್ದ್‌ನಿಂದ ವಾಶಿಗೆ ಲೋಕಲ್ ರೈಲು ಬಂದದ್ದು 1992ರಲ್ಲಿ. ಹತ್ತೊಂಬತ್ತು ವರ್ಷ ಜನ ಬಸ್ಸು, ಟ್ಯಾಕ್ಸಿ, ಸ್ಕೂಟರ್ ನಂಬಿ ಬದುಕಿದರು. ರೈಲು ಬಂದ ಮೇಲೇ ಆ ನಗರ ನಿಜವಾಗಿ ತುಂಬಿದ್ದು. ರಸ್ತೆ ಅಗಲ ಮಾಡಿದ ಮಾತ್ರಕ್ಕೆ ಊರು ಆಗುವುದಿಲ್ಲ ಅನ್ನುವ ಪಾಠ ಇದರಲ್ಲಿದೆ.

ಪ್ರೀಮಿಯರ್ ಕಂಪನಿಯ ಇನ್ನೊಂದು ಕಾರ್ಖಾನೆ ಇದ್ದದ್ದು ಡೊಂಬಿವಲಿ ಕಡೆಯ ಕಲ್ಯಾಣ್-ಶೀಳ್ ರಸ್ತೆಯಲ್ಲಿ. 1983ರ ಕೊನೆಗೆ ಮಾರುತಿ 800 ಬಂದ ಮೇಲೆ ಪದ್ಮಿನಿಯ ಬೇಡಿಕೆ ನಿಧಾನಕ್ಕೆ ಇಳಿಯಿತು. 1990ರ ದಶಕದ ಮಧ್ಯದಲ್ಲಿ ಫ್ರಾನ್ಸಿನ ಪೂಜೋ ಜೊತೆ ಸೇರಿ ಈ ಕಾರ್ಖಾನೆಯಲ್ಲಿ ಪೂಜೋ 309 ಕಾರು ಮಾಡಿದರು. ಹೊಸ ಕಾರು, ಹೊಸ ಆಸೆ. ಆದರೆ ಕಾರ್ಮಿಕ ವಿವಾದ, ಹಣದ ತೊಂದರೆ ಎರಡೂ ಸೇರಿದವು. 1997ರ ಹೊತ್ತಿಗೆ ಫ್ರೆಂಚರು ಹೊರಟು ಹೋದರು. ಗೇಟಿಗೆ ಬೀಗ ಬಿತ್ತು. ಇವತ್ತು ಆ ರಸ್ತೆಯಲ್ಲಿ ಎತ್ತರದ ವಸತಿ ಕಟ್ಟಡಗಳು ಎದ್ದಿವೆ. ಪ್ರೀಮಿಯರ್ ಕಾಲನಿ ಅನ್ನುವ ಹೆಸರು ಮಾತ್ರ ಜನರ ಬಾಯಲ್ಲಿದೆ. ಕುರ್ಲಾದಲ್ಲೂ ಪ್ರೀಮಿಯರ್ ರೋಡ್ ಅನ್ನುವ ಹೆಸರು ಉಳಿದಿದೆ, ಕಾರಿಲ್ಲ. 2023ರ ಅಕ್ಟೋಬರ್ 30ರಿಂದ ಪದ್ಮಿನಿ ಟ್ಯಾಕ್ಸಿ ಮುಂಬೈಯಲ್ಲಿ ಅಧಿಕೃತವಾಗಿ ಇಲ್ಲ. 2003ರ ಅಕ್ಟೋಬರಿನಲ್ಲಿ ತಾಡದೇವ್ ಆರ್‌ಟಿಒದಲ್ಲಿ ನೋಂದಣಿಯಾದ ಕೊನೆಯ ಗಾಡಿಗೆ ಆಗ ಇಪ್ಪತ್ತು ವರ್ಷ ತುಂಬಿತು. ಟ್ಯಾಕ್ಸಿಯ ಆಯಸ್ಸಿಗೆ ಕಾನೂನಿನ ಮಿತಿ ಅದೇ.

ಉಸ್ತಾದ್ ಬರೆದಿಡದ ವಿದ್ಯೆ

ಈಗ ನಾನು ಮುಖ್ಯವಾಗಿ ಹೇಳಬೇಕಾದ ಮಾತಿಗೆ ಬರುತ್ತೇನೆ. ಅಮೆರಿಕದಲ್ಲಿ ಮೂರ್ನಾಲ್ಕು ವರ್ಷ ಓಡಿಸಿ ಬದಲಾಯಿಸಲಿ ಅಂತ ಮಾಡಿದ ಕಾರು, ನಮ್ಮಲ್ಲಿ ಮೂವತ್ತು ವರ್ಷ ಓಡಿದ್ದು ಹೇಗೆ? ಡೆಟ್ರಾಯಿಟ್‌ನ ವಿನ್ಯಾಸಕಾರರು ಇದಕ್ಕೆ ಕಾರಣ ಅಲ್ಲ. ಕಾರಣ ಕುರ್ಲಾದ ಸಿಎಸ್‌ಟಿ ರೋಡ್, ಚೋರ್ ಬಜಾರ್, ಮುಂಬ್ರಾ, ಭಿವಂಡಿ, ಕಲ್ಯಾಣಿನ ಗ್ಯಾರೇಜುಗಳು. ಅಸಲಿ ಭಾಗ ಸಿಗದಿದ್ದರೆ ಲೇತಿನಲ್ಲಿ ತಿರುಗಿಸಿ ಮಾಡಿದರು. ಪೆಟ್ರೋಲ್ ದುಬಾರಿಯಾದಾಗ ಡೀಸೆಲ್ ಎಂಜಿನ್ ಕೂರಿಸಿದರು. ತುಕ್ಕು ಹಿಡಿದ ತಗಡನ್ನು ಕತ್ತರಿಸಿ, ಹತೋಡಾದಿಂದ ಬಡಿದು, ಅದೇ ರೆಕ್ಕೆಯ ಗೆರೆಯನ್ನು ಮತ್ತೆ ಎಬ್ಬಿಸಿದರು. ಜೇಡಿಮಣ್ಣಿನ ಮಾದರಿ ಇಲ್ಲ, ನಕ್ಷೆ ಇಲ್ಲ, ಕಣ್ಣಳತೆಯೇ ಅಳತೆ. ಹಾರ್ಲಿ ಅರ್ಲ್ ಎಳೆದ ಗೆರೆಯನ್ನು ಅವನ ಹೆಸರೇ ಕೇಳದ ಮಿಸ್ತ್ರಿ ಕಾಪಾಡಿದ.

ಈ ಕೆಲಸದಲ್ಲಿ ನಮ್ಮ ಸಮುದಾಯದವರು ಎಷ್ಟು ಜನ ಇದ್ದಾರೆ ಅಂತ ನಿಮಗೆ ಹೇಳಬೇಕಿಲ್ಲ. ಪಾನಾ ಎತ್ತಿಕೊಡುವುದರಿಂದ ಶುರು ಮಾಡಿದ ಶಾಗಿರ್ದ್, ಹತ್ತು ವರ್ಷಕ್ಕೆ ತಾನೇ ಉಸ್ತಾದ್. ಎಂಜಿನ್ ಸದ್ದು ಕೇಳಿ ಕಾಯಿಲೆ ಹೇಳುವಷ್ಟು ವಿದ್ಯೆ. ಕಂಪನಿಯ ಇತಿಹಾಸದಲ್ಲಿ ವಾಲಚಂದ್ ಇದ್ದಾರೆ, ಕ್ರೈಸ್ಲರ್ ಇದೆ, ಫಿಯಟ್ ಇದೆ. ಉಸ್ತಾದ್ ಇಲ್ಲ. ನಮ್ಮವರೂ ಅವರನ್ನು ಓದು ಬಾರದವರು ಅಂತ ಒಂದು ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಮಿರ್ಜಾ ಇಸ್ಮಾಯಿಲ್ ಹೆಸರು ಹೇಳಿ ಎದೆ ಉಬ್ಬಿಸುವ ನಾವು, ಕಾಲನಿಯ ತುದಿಯಲ್ಲಿ ಗ್ರೀಸ್ ಮೆತ್ತಿಕೊಂಡ ಕೈಗೆ ಸಲಾಂ ಹೇಳಲು ಹಿಂಜರಿಯುತ್ತೇವೆ. ಇದು ಸರಿಯೇ?

ಇದು ಬರೀ ಗೌರವದ ಮಾತಲ್ಲ, ಹೊಟ್ಟೆಯ ಮಾತು. ಈಗಿನ ಕಾರಿನಲ್ಲಿ ಕಾರ್ಬೊರೇಟರ್ ಇಲ್ಲ, ಕಂಪ್ಯೂಟರ್ ಇದೆ. ವಿದ್ಯುತ್ ಕಾರಿನಲ್ಲಂತೂ ಎಂಜಿನ್, ಗೇರ್‌ಬಾಕ್ಸ್ ಕೆಲಸವೇ ಕರಗಿ ಹೋಗುತ್ತಿದೆ. ಕಂಪನಿಯ ಸರ್ವಿಸ್ ಸ್ಟೇಷನ್ನಿನವರು ಮೊದಲು ಕೇಳುವುದು ಸರ್ಟಿಫಿಕೇಟು. ಉಸ್ತಾದರ ಹತ್ತಿರ ವಿದ್ಯೆ ಇದೆ, ಕಾಗದ ಇಲ್ಲ. ಡೊಂಬಿವಲಿಯ ಗೇಟಿಗೆ ಬೀಗ ಬಿದ್ದಾಗ ಒಳಗಿನ ಕಾರ್ಮಿಕರ ಕೆಲಸ ಹೋದದ್ದು ಎಲ್ಲರಿಗೂ ಕಂಡಿತು. ಗ್ಯಾರೇಜಿನ ಕೆಲಸ ಹೋದರೆ ಯಾರಿಗೂ ಕಾಣುವುದಿಲ್ಲ, ಶಟರ್ ಒಂದು ದಿನ ಮೇಲೇಳುವುದಿಲ್ಲ, ಅಷ್ಟೇ.

ಹಾಗಾದರೆ ಮಾಡಬೇಕಾದ್ದೇನು? ವಿದ್ಯಾರ್ಥಿಗಳೇ, ನಿಮಗೆ ಮೊದಲ ಕೆಲಸ. ನಿಮ್ಮ ಅಜ್ಜ, ಅಬ್ಬಾ, ಮಾಮು ಯಾರಾದರೂ ಗ್ಯಾರೇಜಿನಲ್ಲಿ, ಪ್ರೀಮಿಯರ್‌ನಂಥ ಕಾರ್ಖಾನೆಯಲ್ಲಿ, ಟ್ಯಾಕ್ಸಿಯಲ್ಲಿ ದುಡಿದಿದ್ದರೆ ಅವರ ಹತ್ತಿರ ಕೂತು ಕೇಳಿ, ಮೊಬೈಲಿನಲ್ಲಿ ಮಾತು ಹಿಡಿದಿಡಿ, ಉರ್ದುವಿನಲ್ಲೋ ಕನ್ನಡದಲ್ಲೋ ಬರೆಯಿರಿ. ಅವರು ಬಳಸುವ ಪದಗಳನ್ನೂ ಬರೆದಿಡಿ. ಅಮೆರಿಕನ್ನರು ಹುಡ್, ಟ್ರಂಕ್ ಅನ್ನುವುದನ್ನು ನಾವು ಇಂದಿಗೂ ಬ್ರಿಟಿಷರಿಂದ ಕಲಿತು ಬಾನೆಟ್, ಡಿಕ್ಕಿ ಅನ್ನುತ್ತೇವೆ. ಒಂದೊಂದು ಪದದಲ್ಲೂ ಒಂದೊಂದು ಚರಿತ್ರೆ ಕೂತಿದೆ.

ಎರಡನೆಯ ಕೆಲಸ ಹಿರಿಯರದು, ಜಮಾತ್ ಮತ್ತು ಸಂಘಗಳದು. ಕೆಲಸ ಮಾಡುತ್ತಲೇ ಕಲಿತವರ ಕೌಶಲ ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಏರ್ಪಾಡು 2015ರಲ್ಲಿ ಶುರುವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಸೇರಿದೆ. ಐಟಿಐಗಳಲ್ಲಿ ಮೋಟಾರು ವಾಹನ ಮೆಕ್ಯಾನಿಕ್ ಕೋರ್ಸು ಎರಡು ವರ್ಷದ್ದು. ಹತ್ತನೇ ತರಗತಿ ಮುಗಿಸಿ ಗ್ಯಾರೇಜಿಗೆ ಹೊರಟ ಹುಡುಗನಿಗೆ, ಹಗಲು ಐಟಿಐ, ಸಂಜೆ ಉಸ್ತಾದ್ ಅಂತ ಹೇಳುವವರು ಬೇಕು. ಫೀಸು ಕಟ್ಟುವವರು ಬೇಕು. ಶಾದಿಮಹಲ್‌ನ ಒಂದು ಸಂಜೆಯ ದೀಪಾಲಂಕಾರದ ಖರ್ಚಿನಲ್ಲಿ ಒಬ್ಬ ಹುಡುಗನ ಓದಿಗೆ ದಾರಿಯಾಗಬಹುದು.

ವಿಶ್ವೇಶ್ವರಯ್ಯ ಮತ್ತು ಮಿರ್ಜಾ ಇಸ್ಮಾಯಿಲ್ ಬಯಸಿದ್ದು ಬರೀ ಒಂದು ಕಾರನ್ನಲ್ಲ, ಕಾರು ಮಾಡಬಲ್ಲ ಕೈಗಳನ್ನು. ಆ ಕೈಗಳು ಕಾರ್ಖಾನೆಯ ಗೇಟಿನ ಹೊರಗೂ ತಯಾರಾದವು. ಅವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಕೆಲಸ ನಮ್ಮ ಪೀಳಿಗೆಯದು.